ಪಾಲಾಕ್ಷನ ಕಾರಿಗೆ ಹೊಸ ಕೀ

ನಮ್ಮೂರಿನಲ್ಲಿ ಕಳೆದುಹೋದ ಸಾಮಾನು ಸುಮ್ಮನಿರುವುದಿಲ್ಲ. ಕಳೆದ ಮೇಲೂ ತನ್ನ ಕೆಲಸವನ್ನು ತಾನು ಮಾಡಿಕೊಂಡಿರುತ್ತದೆ. ಡ್ರಿಲ್ ಮೇಷ್ಟ್ರು ಹನುಮಂತಯ್ಯನವರ ಸೀಟಿ ಸುಣ್ಣದಕಲ್ಲಿನ ಗುಡ್ಡದಲ್ಲಿ ಎಲ್ಲೋ ಬಿದ್ದುಹೋಗಿ ಹನ್ನೊಂದು ವರ್ಷವಾಯಿತು, ಮೇಷ್ಟ್ರು ನಿವೃತ್ತರೂ ಆದರು. ಈಗಲೂ ಬೆಳಿಗ್ಗೆ ಒಂಬತ್ತೂವರೆಗೆ ಆ ಸೀಟಿ ಕೇಳುತ್ತದೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಹೊಸ ಮೇಷ್ಟ್ರು ಬೇರೆ ಸೀಟಿ ಕೊಂಡಿಲ್ಲ. ಕೊಂಡರೆ ಹಳೆಯದು ನಿಂತುಹೋಗುತ್ತದಲ್ಲ. ಬದಲಿ ಮನೆಗೆ ಬಂದ ಗಳಿಗೆಯಲ್ಲೇ ಕಳೆದದ್ದು ಸುಮ್ಮನಾಗುತ್ತದೆ, ಮತ್ತೆ ಯಾವತ್ತೂ ಸದ್ದು ಮಾಡುವುದಿಲ್ಲ. ಅದಕ್ಕೇ ನಮ್ಮಲ್ಲಿ ಯಾವ ಅಂಗಡಿಗೆ ಹೋದರೂ ಮೊದಲು ಕೇಳುವ ಮಾತು, "ಹೊಸದಾ, ಬದಲಿಯಾ?" ಬದಲಿ ಎಂದರೆ ಗಿರಾಕಿಯನ್ನು ಕೂರಿಸಿ, ಒಂದು ಲೋಟ ನೀರು ಕೊಟ್ಟು, ಮನೆಯವರಿಗೆಲ್ಲ ತಿಳಿಸಿದ್ದೀರಾ ಎಂದು ವಿಚಾರಿಸಿ ಆಮೇಲೆ ಸಾಮಾನು ತೋರಿಸುವುದು ರೂಢಿ.

ನಾನು ಕೀ ಮಾಡುವವನು. ದಸ್ತಗೀರ್ ಅಂತ ಹೆಸರು. ಹಳೆಯ ತೂಕದಮನೆಯ ಗೋಡೆಗೆ ಆತುಕೊಂಡು ನನ್ನ ಅಂಗಡಿ. ಅಪ್ಪನ ಕಾಲದಲ್ಲಿ ಟ್ರಂಕು, ಬೀರು, ಬಾಗಿಲುಗಳ ಬೀಗದಕೈ ಉಜ್ಜುವುದಷ್ಟೇ ಇತ್ತು. ನನ್ನ ಕಾಲಕ್ಕೆ ಕಾರಿನ ರಿಮೋಟ್ ಕೀಗಳು ಬಂದವು. ಗುಂಡಿಯ ರಬ್ಬರು ಸವೆದದ್ದು, ಬಚ್ಚಲಿಗೆ ಬಿದ್ದು ನೀರು ಕುಡಿದದ್ದು, ಕೂಸು ಕಚ್ಚಿ ಹಾಳುಮಾಡಿದ್ದು ಎಲ್ಲ ನನ್ನ ಹತ್ತಿರ ಬರುತ್ತವೆ. ಸವೆದ ಕೀ ತಂದವರು ನಗುನಗುತ್ತ ಹೋಗುತ್ತಾರೆ. ಕಳೆದವರು ಬಂದರೆ ಮಾತ್ರ ನನಗೂ ಒಂದು ನಿಮಿಷ ಕೈ ಓಡುವುದಿಲ್ಲ.

ಸರ್ವಮಂಗಳ, ಊರವರ ಬಾಯಲ್ಲಿ ಮಂಗಳ, ಬಂದದ್ದು ಬೇಸಿಗೆ ಮುಗಿಯುತ್ತಿದ್ದ ಒಂದು ಬೆಳಿಗ್ಗೆ. ಕೂರಿ ಎಂದರೂ ಕೂರಲಿಲ್ಲ, ನೀರು ಮುಟ್ಟಲಿಲ್ಲ.

"ಬದಲಿ ದಸ್ತಗೀರಣ್ಣ," ಅಂದಳು. "ನಮ್ಮನೆ ಕಾರಿಂದು."

ಅವಳ ಮನೆಯ ಕಾರು ಯಾವುದೆಂದು ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಅವಳ ಗಂಡ ಪಾಲಾಕ್ಷ ಫೋಟೋ ಸ್ಟುಡಿಯೋ ಇಟ್ಟಿದ್ದವನು. ಸುತ್ತಮುತ್ತಲ ಮದುವೆ, ನಾಮಕರಣಗಳಿಗೆ ಆ ಬೂದುಬಣ್ಣದ ಸಣ್ಣ ಕಾರಿನಲ್ಲಿ ಹೋಗಿಬರುತ್ತಿದ್ದ. ಎಲ್ಲರ ಕೈಗೂ ಫೋನು ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾಗಿ ಸ್ಟುಡಿಯೋ ಮುಚ್ಚಿತು. ಮುಚ್ಚಿದ ಮೂರನೆಯ ತಿಂಗಳು, ಒಂದು ಮಂಗಳವಾರ, ಕಾರಿನ ಕೀಯನ್ನು ಜೇಬಿನಲ್ಲಿ ಹಾಕಿಕೊಂಡು ನಡೆದೇ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ. ಸುಣ್ಣದ ಗೂಡುಗಳಲ್ಲಿ ಹುಡುಕಿದರು, ಕೆರೆಗೆ ಬಲೆ ಹಾಕಿದರು, ಎಲ್ಲೂ ಸಿಗಲಿಲ್ಲ. ಮೂರು ವರ್ಷವಾಯಿತು. ಕಾರು ಮನೆಮುಂದೆ ನಿಂತಲ್ಲೇ ನಿಂತಿತ್ತು. ದಿನಾ ಸಂಜೆ ಐದು ನಲವತ್ತಕ್ಕೆ ಮಾತ್ರ ಅದು ಎರಡು ಸಲ ಕುಂಯ್ ಕುಂಯ್ ಅನ್ನುತ್ತಿತ್ತು, ನಾಲ್ಕು ಮೂಲೆಯ ಕಿತ್ತಳೆ ದೀಪ ಮಿನುಗುತ್ತಿತ್ತು. ಎಲ್ಲಿಂದಲೋ ಯಾರೋ ಗುಂಡಿ ಒತ್ತಿದ ಹಾಗೆ.

"ಮನೇಲಿ ಒಪ್ಪಿದಾರಾ ತಾಯಿ?" ಎಂದು ಕೇಳಿದೆ.

"ಅತ್ತೆ ಒಪ್ಪಿಲ್ಲ. ಅವರಿಗೋಸ್ಕರಾನೇ ಮಾಡಿಸ್ತಿರೋದು."

ಆಮೇಲೆ ವಿಷಯ ಹೇಳಿದಳು. ಅವಳ ಅತ್ತೆ ಗೌರಮ್ಮನವರಿಗೆ ಕಣ್ಣಿನ ಹಿಂದಿನ ಪರದೆಯಲ್ಲಿ ನೀರು ತುಂಬುತ್ತಿತ್ತು. ತಿಂಗಳಿಗೊಂದು ಸಲ ಘಟ್ಟದಾಚೆಯ ದೊಡ್ಡೂರಿಗೆ ಹೋಗಿ ಕಣ್ಣಿಗೇ ಇಂಜೆಕ್ಷನ್ ಹಾಕಿಸಬೇಕು, ತಪ್ಪಿಸಿದರೆ ಎರಡೂ ಕಣ್ಣು ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ನಮ್ಮೂರಿಗಿರುವುದು ಒಂದೇ ಬಸ್ಸು. ಇವತ್ತು ಹೋದದ್ದು ನಾಳೆ ಬರುತ್ತದೆ, ಕಿಟಕಿಗಳಿಗೆ ಗಾಜಿಲ್ಲ. ಒಂದು ಸಲ ಹಾಗೆ ಹೋಗಿಬರುವಾಗ ದಾರಿಯುದ್ದಕ್ಕೂ ಸುಣ್ಣದ ಧೂಳು ಕುಡಿದು, ಇಂಜೆಕ್ಷನ್ ಹಾಕಿಸಿಕೊಂಡ ಕಣ್ಣಿನಲ್ಲಿ ಕೀವಾಗಿ ಹದಿನೈದು ದಿನ ನರಳಿದ್ದರು. ಬಾಡಿಗೆ ಜೀಪು ಹಾಲಿನ ಡೈರಿಯದ್ದು, ಅದು ಬಿಡುವಾಗುವುದೇ ಇಲ್ಲ.

"ಓಡಿಸಕ್ಕೆ ನಂಗೆ ಬರುತ್ತೆ," ಅಂದಳು. "ಮದುವೆಯಾದ ಹೊಸದ್ರಲ್ಲಿ ಒಣಗಿದ ಕೆರೆ ಅಂಗಳದಲ್ಲಿ ಅವರೇ ಕಲಿಸಿದ್ರು."

"ನಿಮ್ಮತ್ತೆ ಏನಂತಾರೆ?"

"ನಂಗೆ ಕಣ್ಣಿರೋದೇ ಆ ದೀಪ ನೋಡಕ್ಕೆ, ಆ ದೀಪಾನೇ ಇಲ್ದ ಮೇಲೆ ಕಣ್ಣಿಟ್ಕೊಂಡು ಏನು ಮಾಡ್ಲಿ ಅಂತಾರೆ."

ಸಂಜೆ ಬಂದು ಗಾಡಿ ನೋಡುತ್ತೇನೆ ಎಂದೆ.

ಐದೂಕಾಲಿಗೆ ಅವರ ಬೀದಿಗೆ ಹೋದೆ. ಗೌರಮ್ಮ ಆಗಲೇ ಕಾರಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರದ ಜೀವ, ಎತ್ತರದ ಆಳು, ಕೂತರೂ ಬೆನ್ನು ನೆಟ್ಟಗೆ. ಬೀದಿಯವರೆಲ್ಲ ಆ ಹೊತ್ತಿಗೆ ಹೊಂದಿಕೊಂಡುಬಿಟ್ಟಿದ್ದರು. ಸೊಪ್ಪಿನವಳು ಕೂಗುವುದನ್ನು ನಿಲ್ಲಿಸಿ ಮೂಲೆಯಲ್ಲಿ ಬುಟ್ಟಿ ಇಳಿಸಿದಳು. ಎದುರುಮನೆಯವರು ರೇಡಿಯೋ ಸಣ್ಣಗೆ ಮಾಡಿದರು. ಗೋಲಿಯಾಡುತ್ತಿದ್ದ ಮಕ್ಕಳು ತಾವಾಗಿಯೇ ಕಾರಿನ ಮುಂದಿನ ಜಾಗ ಬಿಟ್ಟು ಆಚೆ ಸರಿದವು.

ನಾನು ಬಾನೆಟ್ ಎತ್ತಿಸಿ ನೋಡಿದೆ. ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ತುದಿಗಳಲ್ಲಿ ಹಸಿರು ಕಿಲುಬು ಹೂವಿನಂತೆ ಅರಳಿಕೊಂಡಿತ್ತು. ಬಾನೆಟ್ ಮುಚ್ಚಿ ನಿಂತೆ. ಐದು ನಲವತ್ತಾಯಿತು. ಕುಂಯ್ ಕುಂಯ್ ಅಂದಿತು, ದೀಪ ಮಿನುಗಿತು. ಗೌರಮ್ಮ ಕತ್ತು ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಸೆರಗಿನ ತುದಿಯಿಂದ ಬಾಗಿಲ ಹಿಡಿಯನ್ನು ಒರೆಸಿದರು. ಸೊಪ್ಪಿನವಳು ಬುಟ್ಟಿ ಹೊತ್ತು ಮತ್ತೆ ಕೂಗತೊಡಗಿದಳು.

ಮಂಗಳ ಕಾಫಿ ಮಾಡಲು ಒಳಗೆ ಹೋದಳು. ಆಗ ಗೌರಮ್ಮ ನನ್ನ ಕಡೆಗೆ ತಿರುಗದೆಯೇ ಮಾತಾಡಿದರು.

"ದಸ್ತಗೀರ, ಒಂದು ಕೇಳ್ತೀನಿ. ಹೊಸದೂ ಮಾಡಿ, ಹಳೇದೂ ಇರೋ ಹಂಗೆ ಆಗಲ್ವೇನಪ್ಪ?"

"ಆಗಲ್ಲಮ್ಮ. ಹೊಸದನ್ನ ಗಾಡಿ ಒಪ್ಕೊಳ್ಬೇಕು ಅಂದ್ರೆ ಹಳೇದನ್ನ ಅಳಿಸ್ಲೇಬೇಕು. ಬೇರೆ ಊರಲ್ಲೂ ಹಂಗೇ, ನಮ್ಮೂರಲ್ಲೂ ಹಂಗೇ."

"ಸುಳ್ಳಾದ್ರೂ ಹೇಳಬಹುದಿತ್ತಲ್ಲ."

"ಮಾಡಿದ ದಿನ ಸಂಜೆನೇ ಗೊತ್ತಾಗಿಬಿಡುತ್ತಲ್ಲಮ್ಮ."

ಅವರು ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿದರು. "ಈ ಮಾತು ಯಾರಿಗೂ ಹೇಳಿಲ್ಲ. ಅವತ್ತು ಬೆಳಿಗ್ಗೆ ನಾನು ಅವನನ್ನ ಅಂದಿದ್ದೆ. ಕೆಲ್ಸಕ್ಕೆ ಬಾರದೋನು, ಮದುವೆ ಮನೆ ಊಟ ಉಂಡು ಬೆಳೆದ ಮೈ ನಿಂದು, ನಿಮ್ಮಪ್ಪ ನೋಡ್ದೇ ಸತ್ತಿದ್ದೇ ಪುಣ್ಯ ಅಂದೆ. ಬೀದಿಯೋರೆಲ್ಲ ಕೇಳಿಸ್ಕೊಂಡ್ರು. ಅವನು ಚಪ್ಪಲಿ ಮೆಟ್ಟಿ ಹೋದ. ಎಲ್ಲರೂ ಅಷ್ಟೇ ತಿಳ್ಕೊಂಡಿರೋದು. ಆದ್ರೆ ಅವನು ಸಂಜೆ ಬಂದಿದ್ದ ಕಣಪ್ಪ."

ನಾನು ಅವರ ಮುಖ ನೋಡಿದೆ.

"ಮಂಗಳ ಹಿಟ್ಟಿನ ಗಿರಣಿಗೆ ಹೋಗಿದ್ಲು. ನಾನೊಬ್ಳೇ ಒಳಗೆ ಕೂತಿದ್ದೆ. ಕಾರು ಕುಂಯ್ ಅಂತು. ಬಂದ ಅಂತ ಗೊತ್ತಾಯ್ತು. ಬರ್ಲಿ, ಅವನಾಗೇ ಒಳಗೆ ಬರ್ಲಿ, ನಾನ್ಯಾಕೆ ಎದ್ದು ಹೋಗ್ಲಿ ಅಂತ ಕೂತೆ. ಕಿಟಕಿ ಸಂದೀಲಿ ನೋಡ್ದೆ. ಹಿಂದಿನ ಸೀಟಿಂದ ಒಂದು ಬ್ಯಾಗು ತಗೊಂಡ. ಬಾಗಿಲ ಕಡೆ ನೋಡ್ಕೊಂಡು ನಿಂತ. ಬಾಳಾ ಹೊತ್ತು ನಿಂತ ಕಣಪ್ಪ. ಒಂದು ಮಾತು, ಒಂದೇ ಒಂದು ಮಾತು ಕರೀಬೋದಿತ್ತು. ಬಾಯಿ ಬರ್ಲಿಲ್ಲ. ಅವನು ಬೆನ್ನು ಹಾಕಿ ಹೋದ."

ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಗೌರಮ್ಮ ಬೇಗ ಬೇಗ ಮುಗಿಸಿದರು. "ಬ್ಯಾಗು ತಗೊಂಡು ಹೋದೋನು ಬೇಕಂತಲೇ ಹೋದೋನು. ಅವಳು ಗಂಡನಿಗೆ ಏನೋ ಆಯ್ತು, ಇಲ್ದಿದ್ರೆ ಬರ್ತಿದ್ರು ಅಂದ್ಕೊಂಡಿದಾಳೆ. ಬಿಟ್ಟು ಹೋದ ಅಂತ ಹೆಂಗೆ ಹೇಳ್ಲಿ? ಅದಕ್ಕೇ ದಿನಾ ಇಲ್ಲಿ ಬಂದು ಕೂರ್ತೀನಿ. ಅವತ್ತು ಎದ್ದು ಬರದೇ ಇದ್ದೋಳು ಇವತ್ತಾದ್ರೂ ಎದುರಿಗೆ ಇರ್ಲಿ ಅಂತ."

"ಹಂಗಾದ್ರೆ ಬೇಡ ಬಿಡಿಯಮ್ಮ," ಅಂದೆ. "ಕಣ್ಣಿಗೆ ಬೇರೆ ಏನಾದ್ರೂ ದಾರಿ ಹುಡುಕೋಣ."

ಅವರು ತಲೆ ಆಡಿಸಿದರು. "ಈಗೀಗ ದೀಪ ಸರಿಯಾಗಿ ಕಾಣ್ತಿಲ್ಲ. ಇವತ್ತು ಆಚೆ ಕಡೇದು ಒಂದೇ ಕಾಣಿಸ್ತು. ಸದ್ದು ಮಾತ್ರ ಕೇಳುತ್ತೆ. ಪೂರ್ತಿ ಕಣ್ಣು ಹೋದ್ರೆ ನಂಗೆ ಉಳಿಯೋದು ಆ ಸದ್ದೊಂದೇ. ಅದು ಅವತ್ತಿನ ಹಂಗೇ, ಒಳಗೆ ಕೂತ್ಕೊಂಡು ಕೇಳಿದ ಹಂಗೇ. ದಿನಾ ಅದನ್ನ ಕೇಳಕ್ಕೆ ನಂಗೆ ಆಗಲ್ಲಪ್ಪ. ಮಾಡ್ಬಿಡು. ಬ್ಯಾಗಿನ ವಿಷಯ ಮಾತ್ರ ಅವಳ ಕಿವಿಗೆ ಬೀಳೋದು ಬೇಡ."

ಮಂಗಳ ಕಾಫಿ ತಂದಳು. "ಮಾಡಿಸ್ಕೋ," ಎಂದರು ಗೌರಮ್ಮ, ಅವಳ ಕಡೆ ನೋಡದೆ. ಮಂಗಳ ಲೋಟ ನನ್ನ ಕೈಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಕೀ ತರಿಸಲು ಎಂಟು ದಿನ ಬೇಕಾಯಿತು. ಒಂದು ಬುಧವಾರ ಬೆಳಿಗ್ಗೆ ಹೊಸ ಬ್ಯಾಟರಿ ಕೂರಿಸಿ, ಚಕ್ರಗಳಿಗೆ ಗಾಳಿ ತುಂಬಿಸಿ, ನನ್ನ ಮಿಷನ್ನಿನ ವೈರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದೆ. ಮಂಗಳ ಡ್ರೈವರ್ ಸೀಟಿನ ಬಾಗಿಲು ಹಿಡಿದು ನಿಂತಿದ್ದಳು. ಗೌರಮ್ಮ ಮಣೆಯ ಮೇಲೆ. ಮಿಷನ್ನಿನ ಪರದೆಯ ಮೇಲೆ ಆ ಪ್ರಶ್ನೆ ಬಂತು: ಹಳೆಯ ಕೀಯನ್ನು ಅಳಿಸಬೇಕೇ? ಕೆಲವರು ತಾವೇ ಒತ್ತುತ್ತೇವೆ ಎನ್ನುತ್ತಾರೆ. ನಾನು ಬಿಡುವುದಿಲ್ಲ. ಆ ಗುಂಡಿ ಒತ್ತಿದ ಬೆರಳನ್ನು ಆಮೇಲೆ ಜೀವಮಾನವಿಡೀ ನೋಡಿಕೊಂಡು ಕೂರುತ್ತಾರೆ. ಅದು ನನ್ನ ಕಸುಬು, ನನ್ನ ಬೆರಳಿನಲ್ಲೇ ಆಗಲಿ.

ಒತ್ತಿದೆ. ಏನೂ ಆಗಲಿಲ್ಲ. ಒಂದು ಕಾಗೆ ಕಾಂಪೌಂಡಿನ ಮೇಲೆ ಕೂತಿದ್ದದ್ದು ಹಾಗೇ ಕೂತಿತ್ತು. ಹೊಸ ಕೀಯನ್ನು ಮಂಗಳಳ ಕೈಗಿಟ್ಟೆ.

"ಜೊತೆಗೆ ಇನ್ನೊಂದು ಮಾಡ್ಕೊಳ್ಳೋದು ಒಳ್ಳೇದು ತಾಯಿ, ಈಗಲೇ ಆದ್ರೆ ಸುಲಭ," ಎಂದೆ. ಎಲ್ಲರಿಗೂ ಹೇಳುವ ಮಾತು ಬಾಯಿಗೆ ಬಂದುಬಿಟ್ಟಿತ್ತು.

"ಬೇಡಣ್ಣ," ಅಂದಳು. "ಓಡಿಸೋಳು ಒಬ್ಬಳೇ."

ಆ ಸಂಜೆ ನಾನು ಅತ್ತ ಹೋಗಲಿಲ್ಲ. ಹೋಗಿದ್ದವರು ಹೇಳಿದರು. ಐದು ನಲವತ್ತಕ್ಕೆ ಇಡೀ ಬೀದಿ ನಿಂತಿತ್ತಂತೆ. ಗೌರಮ್ಮ ಎಂದಿನಂತೆ ಮಣೆಯ ಮೇಲಿದ್ದರಂತೆ. ಆರಾಯಿತು, ಆರೂವರೆಯಾಯಿತು. ಸೊಪ್ಪಿನವಳು ಯಾವಾಗ ಕೂಗಬೇಕೆಂದು ತಿಳಿಯದೆ ಬುಟ್ಟಿ ಹೊತ್ತುಕೊಂಡು ಮನೆಗೆ ಹೋದಳಂತೆ.

ಮಾರನೆಯ ದಿನ ಬೆಳಿಗ್ಗೆ ಮಂಗಳ ಅಂಗಡಿಯ ಮುಂದೆ ಕಾರು ತಂದು ನಿಲ್ಲಿಸಿದಳು. ಮೂರು ವರ್ಷ ನಿಂತ ಗಾಡಿ, ದಾರಿಯಲ್ಲಿ ಕೈಕೊಟ್ಟರೆ ಎಂದು ನನ್ನನ್ನೂ ಜೊತೆಗೆ ಕರೆದಳು. ನಾನು ಸಾಮಾನಿನ ಚೀಲದೊಂದಿಗೆ ಹಿಂದೆ ಕೂತೆ. ಗೌರಮ್ಮ ಮುಂದೆ ಅವಳ ಪಕ್ಕದಲ್ಲಿ. ಕಿಟಕಿ ಏರಿಸಿದ್ದರಿಂದ ಧೂಳು ಬರುತ್ತಿರಲಿಲ್ಲ. ಸುಣ್ಣದ ಗೂಡುಗಳು ದಾಟಿದವು, ಬತ್ತಿದ ಕೆರೆ ದಾಟಿತು. ಮಂಗಳ ನಿಧಾನವಾಗಿ, ತಪ್ಪಿಲ್ಲದೆ ಓಡಿಸುತ್ತಿದ್ದಳು.

ಘಟ್ಟದ ಮೊದಲ ತಿರುವಿನಲ್ಲಿ ಗೌರಮ್ಮ, "ಮಂಗಳ, ಗಾಡಿ ಒಂದು ಚೂರು ನಿಲ್ಸು," ಅಂದರು.

ವಾಕರಿಕೆ ಬಂತೇನೋ ಎಂದು ಅವಳು ಪಕ್ಕಕ್ಕೆ ಹಾಕಿದಳು. ಗೌರಮ್ಮ ಇಳಿಯಲಿಲ್ಲ. ಮುಂದಿನ ಗಾಜಿನ ಕಡೆಗೇ ನೋಡುತ್ತ ಹೇಳತೊಡಗಿದರು. ಕಾರು ಕುಂಯ್ ಅಂದದ್ದು, ಕಿಟಕಿಯ ಸಂದಿ, ಬ್ಯಾಗು, ಪಾಲಾಕ್ಷ ಬಾಗಿಲ ಕಡೆ ನೋಡಿಕೊಂಡು ನಿಂತದ್ದು. ಅವಳ ಕಿವಿಗೆ ಬೀಳುವುದು ಬೇಡವೆಂದು ನನಗೆ ಹೇಳಿದ್ದವರು ತಾವೇ ಎಲ್ಲ ಹೇಳಿದರು. "ಅವನು ಬಿಟ್ಟು ಹೋದ ಕಣೇ. ನನ್ನಿಂದ ಹೋದ. ಹೋಗ್ತಿದ್ದೋನನ್ನ ನಾನು ಕರೀಲಿಲ್ಲ. ಮೂರು ವರ್ಷ ನಿನ್ನ ಕೈಲಿ ಅವನ ದಾರಿ ಕಾಯಿಸ್ದೆ," ಎಂದರು.

ಮಂಗಳ ಸ್ಟೀರಿಂಗ್ ಬಿಡಲಿಲ್ಲ. ನಾನು ಇಳಿದು ಹೋಗಬೇಕೆಂದು ಬಾಗಿಲಿಗೆ ಕೈಹಾಕಿದೆ.

"ಕೂತ್ಕೊಳಿ ಅಣ್ಣ," ಎಂದಳು. ಆಮೇಲೆ ಅತ್ತೆಗೆ ಹೇಳಿದಳು, "ಆ ಬ್ಯಾಗು ತುಂಬಿದ್ದು ನಾನೇ ಅತ್ತೆ."

ಗೌರಮ್ಮ ಅವಳ ಕಡೆ ತಿರುಗಿದರು.

"ಹೋಗೋದಕ್ಕೆ ಎರಡು ದಿನ ಮುಂಚೆನೇ ನಂಗೆ ಹೇಳಿದ್ರು. ಬೇರೆ ಊರಲ್ಲಿ ಏನಾದ್ರೂ ಕೆಲಸ ನೋಡ್ಕೊಂಡು ಬರ್ತೀನಿ, ನಾಲ್ಕು ದಿನ ಅಷ್ಟೇ, ಅಮ್ಮನಿಗೆ ಹೇಳ್ಬೇಡ, ಬೈತಾಳೆ ಅಂದ್ರು. ಎರಡು ಷರ್ಟು, ಟವಲು, ಮಾವನ ಸಣ್ಣ ಫೋಟೋ ಎಲ್ಲ ನಾನೇ ಇಟ್ಟು ಕಾರಲ್ಲಿ ಹಾಕಿದ್ದೆ. ನೀವು ಬೈದಿದ್ದಕ್ಕೇ ಹೋದೋರಲ್ಲ. ಹೋಗ್ಬೇಕು ಅಂತಲೇ ಇದ್ರು." ಅವಳ ದನಿ ಅಲ್ಲಿಯವರೆಗೆ ಸಮವಾಗಿತ್ತು. "ಎರಡನೇ ದಿನಕ್ಕೆ ನೀವು ಊರೆಲ್ಲ ಎಬ್ಬಿಸಿದ್ರಿ. ನಾಲ್ಕು ದಿನ ಆಗ್ಲಿ, ಬರ್ತಾರಲ್ಲ ಅಂತ ಸುಮ್ನಿದ್ದೆ. ಐದನೇ ದಿನ ಕೆರೆಗೆ ಬಲೆ ಹಾಕಿದ್ರು. ಊರೋರು ಸೊಂಟದ ಮಟ್ಟ ನೀರಲ್ಲಿ ಹುಡುಕ್ತಿದ್ರೆ ದಡದ ಮೇಲೆ ನಿಂತು ನೋಡ್ದೆ. ಆಗ ಬಾಯಿ ಬಿಡಕ್ಕಾಗ್ಲಿಲ್ಲ. ಆಮೇಲೆ ಯಾವತ್ತೂ ಆಗ್ಲಿಲ್ಲ. ನೀವು ಮಣೆ ಹಾಕ್ಕೊಂಡು ಕೂರೋದು ನೋಡಿದಾಗೆಲ್ಲ ಹೇಳ್ಬಿಡ್ಬೇಕು ಅನ್ಸೋದು. ಹೇಳಿದ್ರೆ, ಹೆತ್ತ ತಾಯಿಗೆ ಮಗ ಬಿಟ್ಟು ಹೋದ ಅಂತ ಹೇಳಿದ ಹಂಗಾಗುತ್ತಲ್ಲ ಅಂತ."

"ನಾಲ್ಕು ದಿನ ಅಂದಿದ್ನಾ?"

"ನಾಲ್ಕೇ ದಿನ ಅಂದಿದ್ರು."

ಗೌರಮ್ಮ ಕೈ ಚಾಚಿದರು. ಅವರಿಗೆ ಅಷ್ಟು ಹತ್ತಿರದ್ದೂ ಸರಿಯಾಗಿ ಕಾಣುತ್ತಿರಲಿಲ್ಲವೋ ಏನೋ, ಕೈ ಮೊದಲು ಗೇರಿನ ಮೇಲೆ ಬಿತ್ತು, ಆಮೇಲೆ ಅವಳ ಮೊಣಕೈ ಸಿಕ್ಕಿತು. ಅದನ್ನು ಹಿಡಿದುಕೊಂಡರು. ಇಬ್ಬರೂ ಅಳಲಿಲ್ಲ. ಅಳು ಬಂದದ್ದು ನನಗೆ. ನಾನು ಕಿಟಕಿಯ ಕಡೆ ತಿರುಗಿಕೊಂಡು ಘಟ್ಟ ನೋಡಿದೆ. ನನ್ನ ಬೆರಳಿನಿಂದ ನಿನ್ನೆ ಅಳಿಸಿದ್ದು ಯಾವುದನ್ನು ಎಂದು ಯೋಚಿಸಿದೆ. ಅಲ್ಲಿ ಎಲ್ಲೋ ಒಬ್ಬ ಗಂಡಸಿನ ಜೇಬಿನಲ್ಲಿ, ಇಲ್ಲವೇ ಯಾವುದೋ ಕಾಲುವೆಯ ಕೆಸರಿನಲ್ಲಿ, ಒಂದು ಸವೆದ ಕೀ ಇತ್ತು. ಅದು ಇನ್ನು ಬರಿಯ ಪ್ಲಾಸ್ಟಿಕ್ಕು.

ಸ್ವಲ್ಪ ಹೊತ್ತಿನ ಮೇಲೆ ಗೌರಮ್ಮ, "ನಡಿ, ಡಾಕ್ಟ್ರು ಎದ್ದು ಹೋದಾರು," ಎಂದರು. ಮಂಗಳ ಗೇರು ಹಾಕಿದಳು.

ಮುಂದಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಜೆಕ್ಷನ್ನುಗಳು ವರ್ಷದ ಮೇಲೆ ನಡೆದವು. ಒಂದು ತಿಂಗಳೂ ತಪ್ಪಲಿಲ್ಲ. ಆದರೂ ಎಡಗಣ್ಣು ಹೋಯಿತು. ತಡವಾಗಿತ್ತು ಎಂದರು ಡಾಕ್ಟರು. ಬಲಗಣ್ಣು ಉಳಿಯಿತು, ಬೆಳಕು ನೆರಳು ಗುರುತಾಗುವಷ್ಟು, ಎದುರಿಗೆ ನಿಂತವರ ಆಕಾರ ತಿಳಿಯುವಷ್ಟು. ಪಾಲಾಕ್ಷ ಬರಲಿಲ್ಲ. ಅವನ ಸುದ್ದಿಯೂ ಬರಲಿಲ್ಲ. ಮಂಗಳ ಡೈರಿ ಜೀಪು ಸಿಗದ ಬಾಣಂತಿಯರನ್ನು, ಮುದುಕರನ್ನು ಆ ಕಾರಿನಲ್ಲಿ ದೊಡ್ಡೂರಿಗೆ ಕರೆದುಕೊಂಡು ಹೋಗುವುದನ್ನು ಶುರುಮಾಡಿದಳು. ಬೀದಿಯಲ್ಲಿ ಈಗ ಐದು ನಲವತ್ತಕ್ಕೆ ಯಾರೂ ನಿಲ್ಲುವುದಿಲ್ಲ.

ನಾನು ಹೇಳಬೇಕಾದದ್ದು ಆ ಮೊದಲ ದಿನ ವಾಪಸ್ಸು ಬಂದ ಹೊತ್ತಿನದು. ಕಾರು ಮನೆಮುಂದೆ ನಿಂತಾಗ ಹೊತ್ತು ಇಳಿದಿತ್ತು. ಗೌರಮ್ಮನವರ ಬಲಗಣ್ಣಿಗೆ ಪಟ್ಟಿ ಕಟ್ಟಿದ್ದರು, ಎಡಗಣ್ಣು ಮೊದಲೇ ಮಸುಕು. ನಾನು ಕೈಹಿಡಿದು ಇಳಿಸಿ ಮೆಟ್ಟಿಲವರೆಗೆ ಬಿಟ್ಟೆ. ಮಂಗಳ ಔಷಧಿಯ ಚೀಲ ತೆಗೆದುಕೊಂಡು ಬಾಗಿಲು ಹಾಕಿದಳು. ಕೀಯ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟವಳು ಒತ್ತಲಿಲ್ಲ. ಮೆಟ್ಟಿಲ ಕಡೆ ಒಮ್ಮೆ ನೋಡಿ, ಕೀಯ ಕಬ್ಬಿಣದ ಅಲಗನ್ನು ಬಿಡಿಸಿ, ಬಾಗಿಲ ತೂತಿಗೆ ಹಾಕಿ, ಸದ್ದಾಗದಂತೆ ಮೆಲ್ಲಗೆ ತಿರುಗಿಸಿದಳು. ರಿಮೋಟ್ ಕೀ ಇಟ್ಟುಕೊಂಡು ಯಾರೂ ಹಾಗೆ ಬೀಗ ಹಾಕುವುದಿಲ್ಲ.

ಗೌರಮ್ಮ ಮೆಟ್ಟಿಲ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಯಾಕೆ, ಒತ್ತಲ್ವಾ?" ಎಂದರು.

ಮಂಗಳ ಕೀಯನ್ನು ತೂತಿನಿಂದ ಹೊರಗೆ ತೆಗೆದಳು.

"ಒತ್ತು ಮಗಳೇ. ನಂಗೆ ಕಾಣಲ್ಲ. ಸದ್ದು ಮಾಡದೇ ಹೋಗ್ತಾ ಬರ್ತಾ ಇದ್ರೆ ನೀನು ಬಂದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಮಂಗಳ ಒತ್ತಿದಳು. ಕಾರು ಕುಂಯ್ ಅಂದಿತು, ಕಿತ್ತಳೆ ದೀಪ ಎದುರುಮನೆಯ ಗೋಡೆಗೆ ಬಿದ್ದು ಆರಿತು. ಆ ಸದ್ದಿಗೆ ಚೌಕಟ್ಟಿನ ಮೇಲಿದ್ದ ಗೌರಮ್ಮನವರ ಕೈ ಬಿಗಿಯಾಯಿತು. ಆಮೇಲೆ ಅವರು ಒಂದು ಮೆಟ್ಟಿಲು ಕೆಳಗಿಳಿದು, ಸದ್ದು ಬಂದ ಕಡೆಗೆ ಮುಖ ಮಾಡಿ, ಬೀದಿಗೆಲ್ಲ ಕೇಳುವಂತೆ ಕರೆದರು.

"ಬಂದ್ಯೇನವ್ವ, ಬಾ ಒಳಗೆ."